ಮೇಕೆ ಕಳೆದುಕೊಂಡವಳು

ಗೋಡೆ ಬಿತ್ತು, ಅದರಡಿ ಸಿಕ್ಕಿ ಮೇಕೆ ಸತ್ತಿತು. ಮೇಕೆ ಸಾಕಿದವಳು ನ್ಯಾಯ ಕೇಳಲು ದರ್ಬಾರಿಗೆ ಬಂದಳು. ನಮ್ಮ ನಾಟಕದ ನಾಲ್ಕನೇ ದೃಶ್ಯ ಶುರುವಾಗುವುದು ಹೀಗೆ. ಅವತ್ತು ಮಧ್ಯಾಹ್ನದ ಬಿಸಿಯೂಟ ಮುಗಿಸಿ ಅಭ್ಯಾಸಕ್ಕೆ ನಿಂತಿದ್ದೆವು. ದೂರು ಹೇಳುವ ಎಂಟನೇ ತರಗತಿಯ ಹುಡುಗಿ ತನ್ನ ಎರಡು ಮಾತು ಒಪ್ಪಿಸಿ ಅಲ್ಲೇ ನಿಂತಳು.

"ಮಿಸ್, ನಾನೀಗ ಎಲ್ಲಿಗೆ ಹೋಗ್ಲಿ?"

"ಒಳಗೆ ಹೋಗಮ್ಮ, ನಿನ್ನ ಪಾತ್ರ ಮುಗೀತಲ್ಲ."

"ಮೇಕೆ ನಂದಲ್ವಾ ಮಿಸ್?"

ನನಗೆ ತಕ್ಷಣ ಏನೂ ಹೇಳಲು ತೋಚಲಿಲ್ಲ. ಬೇರೆ ಮಕ್ಕಳು ಕಾಯುತ್ತಿದ್ದರು. "ಆಮೇಲೆ ನೋಡೋಣ" ಎಂದು ಅವಳನ್ನು ಪಕ್ಕದಲ್ಲಿ ಕೂರಿಸಿ ಮುಂದುವರಿಸಿದೆ.

ನಾವು ಆಡುತ್ತಿದ್ದದ್ದು ಭಾರತೇಂದು ಹರಿಶ್ಚಂದ್ರರು 1881ರಲ್ಲಿ ಬರೆದ ಹಿಂದಿ ನಾಟಕ 'ಅಂಧೇರ್ ನಗರಿ'. ಅದನ್ನು ಆರಿಸಿಕೊಳ್ಳಲು ಮೊದಲ ಕಾರಣ ಪಾತ್ರಗಳ ಲೆಕ್ಕ. ಹಿಂದಿನ ವರ್ಷದ ವಾರ್ಷಿಕೋತ್ಸವದಲ್ಲಿ ಹನ್ನೆರಡು ಮಕ್ಕಳ ನಾಟಕ ಮಾಡಿಸಿದ್ದೆ. ಉಳಿದವರು ಕೆಳಗೆ ಜಮಖಾನದ ಮೇಲೆ ಕೂತು ಚಪ್ಪಾಳೆ ತಟ್ಟಿದರು. ಮರುದಿನ ತರಗತಿಯಲ್ಲಿ ಅವರ ಮುಖ ನೋಡಲು ನನಗೆ ಕಷ್ಟವಾಯಿತು. ಈ ಸಲ ಹೆಸರು ಕೊಟ್ಟವರು 41 ಮಂದಿ. ಒಬ್ಬರನ್ನೂ ಬಿಡಬಾರದೆಂದು ನಿರ್ಧರಿಸಿದ್ದೆ. ಈ ನಾಟಕದಲ್ಲಿ ಇಡೀ ಒಂದು ಪೇಟೆಯೇ ರಂಗದ ಮೇಲೆ ಬರುತ್ತದೆ.

ಕಥೆ ನಮ್ಮವರಿಗೆ ಹೊಸದಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಗಳಲ್ಲಿ ಇದರ ಒಡಹುಟ್ಟು ಒಂದಿದೆ. ಅಲ್ಲಿ ಮೂರ್ಖ ರಾಜ ಹಗಲನ್ನು ರಾತ್ರಿ ಮಾಡಿರುತ್ತಾನೆ, ಏನು ಕೊಂಡರೂ ಒಂದು ದುಡ್ಡು. ಗೋಡೆ ಬಿದ್ದು ಸಾಯುವವನು ಕಳ್ಳ. ಭಾರತೇಂದು ನಾಟಕದಲ್ಲಿ ಸಾಯುವುದು ಮೇಕೆ, ಬೆಲೆ ಸೇರಿಗೆ ಒಂದು ಟಕಾ. ನಾನು ಟಕಾ ತೆಗೆದು ನಮ್ಮ ದುಡ್ಡನ್ನೇ ಇಟ್ಟೆ. ದುಡ್ಡು ಒಂದು ಕಾಲಕ್ಕೆ ತಾಮ್ರದ ನಾಣ್ಯದ ಹೆಸರಾಗಿತ್ತು ಎಂದಾಗ ಮಕ್ಕಳಿಗೆ ಆಶ್ಚರ್ಯ. ಸೇರು, ಪಾವು ಮಾತ್ರ ಅವರ ಮನೆಗಳಲ್ಲಿ ಇನ್ನೂ ಇವೆ, ಅದನ್ನು ವಿವರಿಸಬೇಕಾಗಲಿಲ್ಲ.

ಪೇಟೆಯ ದೃಶ್ಯ ಮೊದಲ ವಾರ ಸತ್ತಂತಿತ್ತು. ಎಲ್ಲರೂ ಒಂದೇ ದನಿಯಲ್ಲಿ "ಬನ್ನಿ ಬನ್ನಿ" ಎಂದು ಕೂಗುತ್ತಿದ್ದರು. ಮುಖ್ಯ ಶಿಕ್ಷಕರ ಅನುಮತಿ ಪಡೆದು ಸೋಮವಾರದ ಸಂತೆಗೆ ಅವರನ್ನು ಕರೆದುಕೊಂಡು ಹೋದೆ. ಏನೂ ಕೊಳ್ಳುವಂತಿಲ್ಲ, ಒಬ್ಬೊಬ್ಬರು ಒಬ್ಬ ವ್ಯಾಪಾರಿಯನ್ನು ಮಾತ್ರ ನೋಡಬೇಕು ಎಂದು ಹೇಳಿದ್ದೆ. ಕಡ್ಲೆಪುರಿ ಮಾರುವವನು ಗಿರಾಕಿ ಎದುರಿಗಿದ್ದಾಗ ಸುಮ್ಮನಿದ್ದು, ಎರಡು ಹೆಜ್ಜೆ ದಾಟಿದ ಮೇಲೆ ಬೆನ್ನಿಗೆ ಬೆಲೆ ಕೂಗುತ್ತಾನೆ ಎಂದು ಒಬ್ಬ ಕಂಡುಕೊಂಡ. ಸೊಪ್ಪು ಮಾರುವ ಅಜ್ಜಿ ಕೂಗುವುದೇ ಇಲ್ಲ ಎಂದಳು ಇನ್ನೊಬ್ಬಳು. ಆ ಅಜ್ಜಿ ಚೊಂಬಿನಿಂದ ನೀರು ಚಿಮುಕಿಸಿ, ಕಟ್ಟು ತಿರುಗಿಸಿ ಇಟ್ಟು, ಹಾದುಹೋಗುವವರ ಕಣ್ಣನ್ನೇ ನೋಡುತ್ತಾಳಂತೆ. ಮಾರನೇ ದಿನ ಅಷ್ಟು ಗಲಾಟೆಯ ಪೇಟೆಯ ನಡುವೆ ಆ ಹುಡುಗಿ ಮಾತಿಲ್ಲದೆ ನೀರು ಚಿಮುಕಿಸುತ್ತಾ ಕೂತಳು. ಎಲ್ಲರ ಕಣ್ಣೂ ಅವಳ ಮೇಲೇ ಇತ್ತು. ಮಾತಿಲ್ಲದ ಪಾತ್ರ ಚಿಕ್ಕ ಪಾತ್ರ ಎಂಬ ದೂರು ಅಲ್ಲಿಗೆ ನಿಂತುಹೋಯಿತು.

ಮೂಲದ ಪೇಟೆಯಲ್ಲಿ ದುಡ್ಡಿಗೆ ಜಾತಿಯನ್ನೇ ಮಾರುವ ಒಬ್ಬ ಬರುತ್ತಾನೆ. ಊರವರೆಲ್ಲ ಸೇರುವ ಸಭೆ, ಮಕ್ಕಳಿಗೆ ತೊಂದರೆಯಾಗಬಾರದು ಎಂದು ಹೆದರಿ ಆ ಪಾತ್ರವನ್ನು ನಾನು ಕೈಬಿಟ್ಟೆ. ಅದು ಸರಿಯೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಜೀರ್ಣದ ಚೂರ್ಣ ಮಾರುವವನನ್ನು ಮಾತ್ರ ಬಿಡಲಿಲ್ಲ. ಅವನ ಚೂರ್ಣ ತಿಂದ ಅಮಲ್ದಾರರಿಗೆ ಎರಡು ಪಟ್ಟು ಲಂಚ ಜೀರ್ಣವಾಗುತ್ತದೆ, ಪೊಲೀಸರಿಗೆ ಕಾನೂನು ಜೀರ್ಣವಾಗುತ್ತದೆ, ಸಾಹೇಬರಿಗೆ ಇಡೀ ಹಿಂದೂಸ್ತಾನವೇ ಜೀರ್ಣವಾಗುತ್ತದೆ. ನಾಟಕಗಳಿಗೆ ಹೆದರಿದ ಬ್ರಿಟಿಷ್ ಸರ್ಕಾರ 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ತಂದಿತ್ತು, ಅದಾಗಿ ಐದೇ ವರ್ಷಕ್ಕೆ ಬರೆದದ್ದು ಇದು ಎಂದು ಮಕ್ಕಳಿಗೆ ಹೇಳಿದೆ. ಈಗಿನವರ ಹೆಸರು ಸೇರಿಸೋಣ ಎಂದು ಹುಡುಗರು ಹಟ ಹಿಡಿದರು. ನಾನು ಒಪ್ಪಲಿಲ್ಲ. ಹೆಸರು ಹೇಳಿದರೆ ಒಂದು ಪಕ್ಷದವರು ನಗುತ್ತಾರೆ, ಇನ್ನೊಂದು ಪಕ್ಷದವರು ಎದ್ದು ಹೋಗುತ್ತಾರೆ. ಹೆಸರಿಲ್ಲದಿದ್ದರೆ ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಮುಖವನ್ನು ತಾವೇ ತಂದುಕೊಳ್ಳುತ್ತಾರೆ.

ಕಷ್ಟವಾದದ್ದು ದರ್ಬಾರು. ಗೋಡೆ ಯಾಕೆ ಬಿತ್ತು ಎಂದರೆ ಮನೆಯೊಡೆಯ ಗಾರೆಯವನನ್ನು ತೋರಿಸುತ್ತಾನೆ. ಗಾರೆಯವನು ಸುಣ್ಣದವನನ್ನು, ಸುಣ್ಣದವನು ನೀರು ಹೊರುವ ಭಿಶ್ತಿಯನ್ನು. ಭಿಶ್ತಿ ನೀರು ಜಾಸ್ತಿ ಸುರಿದದ್ದು ಕಸಾಯಿಯವನು ಚರ್ಮದ ಚೀಲ ದೊಡ್ಡದು ಮಾಡಿದ್ದರಿಂದ, ಚೀಲ ದೊಡ್ಡದಾದದ್ದು ಕುರಿಯವನು ದೊಡ್ಡ ಕುರಿ ಮಾರಿದ್ದರಿಂದ, ಕುರಿಯವನಿಗೆ ಕುರಿ ಎಷ್ಟು ದೊಡ್ಡದೆಂದು ಕಾಣದೆ ಹೋದದ್ದು ಅದೇ ಹೊತ್ತಿಗೆ ಊರ ಕಾವಲಿನ ಅಧಿಕಾರಿ ಕೊತ್ವಾಲನ ಮೆರವಣಿಗೆ ಬಂದದ್ದರಿಂದ. ಕೊನೆಗೆ ಗಲ್ಲು ಕೊತ್ವಾಲನಿಗೆ. ಮಕ್ಕಳು ಇದನ್ನು ಕಣ್ಣು ಮಿಟುಕಿಸುತ್ತಾ, ಸೊಂಟ ಕುಣಿಸುತ್ತಾ, ಕಳ್ಳರ ಹಾಗೆ ಆಡುತ್ತಿದ್ದರು. ನೋಡುವ ಮಕ್ಕಳೂ ನಗುತ್ತಿದ್ದರು. ಗಾರೆಯವನ ಪಾತ್ರದ ಹುಡುಗ ಮಾತ್ರ ಮೂರನೇ ದಿನ ನಿಂತುಬಿಟ್ಟ.

"ನಮ್ಮಪ್ಪನೂ ಗಾರೆ ಕೆಲ್ಸ ಮಾಡೋದು ಮಿಸ್. ಮೇಸ್ತ್ರಿ ಬೈದ್ರೆ ಹಿಂಗೆಲ್ಲ ಕುಣಿಯಲ್ಲ."

"ಏನ್ ಮಾಡ್ತಾರೆ?"

"ಟವಲ್ಲು ಕೈಗೆ ತಗೊಳ್ತಾರೆ."

ಹೆಗಲ ಮೇಲಿದ್ದ ಟವಲನ್ನು ಅವನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಸುಣ್ಣದವನ ಹೆಸರನ್ನು ಮೆಲ್ಲಗೆ ಹೇಳಿದ. ಹೇಳಿ ಸುಣ್ಣದವನ ಕಡೆ ನೋಡಲಿಲ್ಲ. ಆಗ ನನಗೆ ದೃಶ್ಯ ಅರ್ಥವಾಯಿತು. ಇವರು ಕಳ್ಳರಲ್ಲ, ಹೆದರಿದವರು. ಪಕ್ಕದಲ್ಲೇ ನೇಣು ಇದೆ, ಇನ್ನೊಂದು ಹೆಸರು ಹೇಳಿದರೆ ತಾನು ಉಳಿದೇನು ಎಂಬ ಆಸೆ. ಅಲ್ಲಿಂದ ಮುಂದೆ ಎಲ್ಲರೂ ಹೆದರಿಕೆಯನ್ನೇ ಆಡಿದರು. ರಾಜನಿಗೆ ಮಾತ್ರ, ನೀನು ಪೆದ್ದನಂತೆ ಆಡಬೇಡಪ್ಪ, ದೊಡ್ಡ ನ್ಯಾಯ ಕೊಡುತ್ತಿದ್ದೇನೆಂದು ನಿಜವಾಗಿ ನಂಬು ಎಂದೆ. ನಗು ಕಡಿಮೆಯಾಗಲಿಲ್ಲ. ಬಡವರ ಮೇಲಿದ್ದದ್ದು ಸರಿದು ಸಿಂಹಾಸನದ ಮೇಲೆ ಹೋಗಿ ಕೂತಿತು.

ನೇಣಿನ ವಿಷಯದಲ್ಲಿ ನಾನು ಬಹಳ ಯೋಚಿಸಿದೆ. ಶಾಲೆಯ ರಂಗದ ಮೇಲೆ ಯಾವ ಮಗುವಿನ ಕುತ್ತಿಗೆಗೂ ಹಗ್ಗ ಹೋಗಕೂಡದು. ಹಳೇ ಸೈಕಲ್ ಟೈರೊಂದನ್ನು ಇಬ್ಬರು ಸಿಪಾಯಿಗಳು ಅಡ್ಡಡ್ಡ ಹಿಡಿದು ಅಪರಾಧಿಯ ತಲೆಯ ಮೇಲಿಂದ ಇಳಿಸುವುದು ಎಂದಾಯಿತು. ಬಡಕಲು ಕೊತ್ವಾಲನಿಗೆ ಇಳಿಸಿದರೆ ಟೈರು ಸೀದಾ ಕಾಲಿಗೆ ಜಾರಿ ಬೀಳುತ್ತದೆ. ಹಾಗಾಗಿ ಕುಣಿಕೆಗೆ ಸರಿಹೊಂದುವ ದಪ್ಪನೆಯವನು ಬೇಕು. ಗುರುವಿನ ಮಾತು ಕೇಳದೆ, ಮಿಠಾಯಿ ಅಗ್ಗವೆಂದು ಅಲ್ಲೇ ಉಳಿದ ಶಿಷ್ಯ ಗೋವರ್ಧನದಾಸ ಸಿಕ್ಕಿಬೀಳುತ್ತಾನೆ. ಆ ಪಾತ್ರಕ್ಕೆ ದಪ್ಪಗಿರುವ ಹುಡುಗನನ್ನು ಹಾಕಿ ಎಂದು ಎಲ್ಲರೂ ಒಬ್ಬನ ಕಡೆ ಕೈ ತೋರಿಸಿದರು. ಆ ಹುಡುಗ ತಲೆ ತಗ್ಗಿಸಿದ್ದನ್ನು ನೋಡಿದೆ. ಅವನಿಗೆ ಗುರುವಿನ ಪಾತ್ರ ಕೊಟ್ಟೆ. ಶಿಷ್ಯನಿಗೆ ಹೊಟ್ಟೆಯ ಮೇಲೆ ಎರಡು ದಿಂಬು ಕಟ್ಟಿದೆವು.

ಈ ನಡುವೆ ಮೇಕೆಯ ಹುಡುಗಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾಟಕವನ್ನು ಮತ್ತೆ ತೆರೆದು ನೋಡಿದೆ. ಕೊತ್ವಾಲನಿಗೆ ಗಲ್ಲು ಎಂದು ರಾಜ ಹೇಳಿದ ಮೇಲೆ ದರ್ಬಾರೇ ಮುಗಿಯುತ್ತದೆ. ಮೂಲದಲ್ಲಿ ದೂರು ತಂದವನು ಗಂಡಸು. ಅವನಿಗೆ ಮೇಕೆಯೂ ಇಲ್ಲ, ಮೇಕೆಯ ಬೆಲೆಯೂ ಇಲ್ಲ. ಇಷ್ಟು ಸಲ ಓದಿದ್ದೆ, ಒಂದು ಸಲವೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. 41 ಮಕ್ಕಳಲ್ಲಿ ಒಬ್ಬರನ್ನೂ ಮರೆಯಬಾರದೆಂದುಕೊಂಡವಳು ನಾನು. ಮರುದಿನ ಅವಳನ್ನು ಕರೆದು, "ನೀನೇ ಹೇಳು, ಎಲ್ಲಿರ್ತೀಯ?" ಎಂದೆ. ಅವಳು ರಂಗದ ಎಡತುದಿಗೆ ಹೋಗಿ ಮೇಕೆಯ ಹಗ್ಗ ಹಿಡಿದು ಕೂತಳು. "ಇಲ್ಲೇ ಇರ್ತೀನಿ ಮಿಸ್, ಕೊನೇವರ್ಗೂ."

ಪ್ರದರ್ಶನದ ಸಂಜೆ ಶಾಮಿಯಾನ ತುಂಬಿತ್ತು. ಗಾರೆಯವನು ಟವಲು ಕೈಗೆ ತೆಗೆದುಕೊಂಡಾಗ ಹಿಂದೆ ನಿಂತಿದ್ದ ಗಂಡಸರ ಗುಂಪು ಒಮ್ಮೆಲೆ ಸುಮ್ಮನಾಯಿತು. ಟೈರು ಕೊತ್ವಾಲನ ಕಾಲಿಗೆ ಬಿದ್ದಾಗ ಎದ್ದ ನಗುವಿಗೆ ಮುಂದಿನ ಎರಡು ಮಾತು ಯಾರಿಗೂ ಕೇಳಿಸಲಿಲ್ಲ. ಶಿಷ್ಯನನ್ನು ಉಳಿಸಲು, ಈ ಮುಹೂರ್ತದಲ್ಲಿ ಸತ್ತವರು ನೇರ ಸ್ವರ್ಗಕ್ಕೆ ಹೋಗುತ್ತಾರೆ ಎಂದು ಗುರು ಹೇಳಿದ. ಎಲ್ಲರೂ ನಾ ಮುಂದು ತಾ ಮುಂದು ಎಂದು ನುಗ್ಗಿದರು. ಕೊನೆಗೆ ರಾಜನೇ ಎಲ್ಲರನ್ನೂ ತಳ್ಳಿ ಟೈರಿನೊಳಗೆ ನಿಂತ. ದೀಪ ಆರಿತು, ಹತ್ತಿತು. ಪೇಟೆಯವರೆಲ್ಲ ಹಾಡುತ್ತಾ ಬಂದು ಸಾಲಾಗಿ ನಿಂತು ಕೈ ಮುಗಿದರು.

ಅವಳೊಬ್ಬಳು ಏಳಲಿಲ್ಲ. ಎಡತುದಿಯಲ್ಲಿ ಹಗ್ಗ ಹಿಡಿದು ಕೂತೇ ಇದ್ದಳು. ಚಪ್ಪಾಳೆ ಇಳಿಯುತ್ತಿದ್ದ ಹೊತ್ತಿಗೆ ಹೆಂಗಸರ ಕಡೆಯಿಂದ ವಯಸ್ಸಾದ ಒಬ್ಬರ ದನಿ ಬಂತು: "ಲೇ, ಆ ಮಗೀನ ಮೇಕೆಗೇನ್ ಕೊಟ್ರೋ?"

ಮಂತ್ರಿಯ ಪಾತ್ರದ ಹುಡುಗ ರಂಗದ ಪಕ್ಕದ ಮರೆಯಲ್ಲಿ ನಿಂತಿದ್ದ ನನ್ನ ಕಡೆ ನೋಡಿದ. ನನ್ನ ಹತ್ತಿರ ಅದಕ್ಕೆ ಮಾತಿರಲಿಲ್ಲ. ಹುಡುಗಿ ಎದ್ದಳು. ಹಗ್ಗವನ್ನು ನಿಧಾನವಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ದನಿ ಬಂದ ಕಡೆಗೆ ತಿರುಗಿ ಹೇಳಿದಳು:

"ಇನ್ನೂ ಏನೂ ಕೊಟ್ಟಿಲ್ಲ ಅಜ್ಜಿ."