ಚಹಾ ಅಂಗಡಿಯವರ ಕಂಪ್ಯೂಟರ್

ಇವತ್ತು ಆಫೀಸಿನಲ್ಲಿ ಸಂಬಳದ ಲೆಕ್ಕ ಮುಗಿಸುವಾಗ ಲಂಡನ್ನಿನ ಲಿಯೋ ನೆನಪಾಯಿತು. ಕಚೇರಿಯ ದಿನನಿತ್ಯದ ಕೆಲಸಕ್ಕೆ ದುಡಿದ ಮೊದಲ ಕಂಪ್ಯೂಟರ್ ಅದು. ಮಾಡಿದವರು ಯಂತ್ರದ ಕಂಪನಿಯವರಲ್ಲ, ಚಹಾ ಅಂಗಡಿ, ಬೇಕರಿ ನಡೆಸುತ್ತಿದ್ದ ಜೆ. ಲಯನ್ಸ್ ಕಂಪನಿಯವರು! ಕೇಂಬ್ರಿಜ್‌ನ ವಿಶ್ವವಿದ್ಯಾಲಯದವರು ಕಟ್ಟುತ್ತಿದ್ದ ಎಡ್ಸ್ಯಾಕ್ ಎಂಬ ಕಂಪ್ಯೂಟರಿಗೆ ದುಡ್ಡಿನ ನೆರವು ಕೊಟ್ಟು, ಅದೇ ಮಾದರಿಯಲ್ಲಿ ತಮ್ಮದೊಂದನ್ನು ಮಾಡಿಕೊಂಡು, 1951ರ ನವೆಂಬರ್‌ನಲ್ಲಿ ಬೇಕರಿಯ ಲೆಕ್ಕವನ್ನು ಅದಕ್ಕೆ ಒಪ್ಪಿಸಿದರು.

ಪಳಗಿದ ಗುಮಾಸ್ತರಿಗೂ ಒಬ್ಬರ ಸಂಬಳ ಲೆಕ್ಕ ಹಾಕಲು ಸುಮಾರು 8 ನಿಮಿಷ ಬೇಕಿತ್ತಂತೆ. ಲಿಯೋಗೆ ಒಂದೂವರೆ ಸೆಕೆಂಡು ಸಾಕಾಯಿತು.

ನನಗೆ ಜಾಸ್ತಿ ಇಷ್ಟ ಆರ್ಡರ್ ವಿಷಯ. ಪ್ರತಿ ಚಹಾ ಅಂಗಡಿಗೂ ಮಾಮೂಲಿ ಆರ್ಡರ್ ಒಂದು ಇರುತ್ತಿತ್ತು, ಅಂಗಡಿ ನೋಡಿಕೊಳ್ಳುತ್ತಿದ್ದ ಮಹಿಳೆಯರು ದಿನವೂ ಫೋನ್ ಮಾಡಿ ಇದು ಸ್ವಲ್ಪ ಹೆಚ್ಚು ಬೇಕು, ಅದು ಕಡಿಮೆ ಸಾಕು ಅಂತ ಬದಲಾವಣೆ ಮಾತ್ರ ಹೇಳುತ್ತಿದ್ದರು, ಈ ಕಡೆ ಕೂತವರು ಕೇಳಿಸಿಕೊಳ್ಳುತ್ತಲೇ ಅದನ್ನು ಲಿಯೋ ಓದುವ ಕಾರ್ಡಿನಲ್ಲಿ ತೂತುಗಳಾಗಿ ಪಂಚ್ ಮಾಡುತ್ತಿದ್ದರು, ಆಮೇಲೆ ಯಾವ ಅಂಗಡಿಗೆ ಏನು ಎಷ್ಟು ಹೋಗಬೇಕು ಅಂತ ಲಿಯೋ ಪಟ್ಟಿ ಕೊಡುತ್ತಿತ್ತು. ಸಾವಿರಾರು ಗಾಜಿನ ಎಲೆಕ್ಟ್ರಾನಿಕ್ ವಾಲ್ವ್‌ಗಳಿದ್ದ, ಕೋಣೆ ತುಂಬುವ ಯಂತ್ರ ನಾಳೆಯ ಕೇಕಿನ ಲೆಕ್ಕ ಹಾಕುವುದು ಎಷ್ಟು ಚೆಂದ ಅಲ್ವಾ?

ಇಡೀ ಪಟ್ಟಿ ಮತ್ತೆ ಬರೆಯದೆ ಬದಲಾದದ್ದಷ್ಟೇ ಹೇಳುವುದು. ಇದು ಹೊಳೆದದ್ದು ಗುಮಾಸ್ತರ ಕಷ್ಟವನ್ನು ಹತ್ತಿರದಿಂದ ಕಂಡವರಿಗೇ ಇರಬೇಕು. ನಮ್ಮ ಆಫೀಸಿನಲ್ಲೂ ಈ ತಿಂಗಳು ಬದಲಾದದ್ದು ಮೂವರ ರಜೆ ಮಾತ್ರ, ಉಳಿದದ್ದೆಲ್ಲ ಹೋದ ತಿಂಗಳದ್ದೇ. ಅರ್ಧ ಗಂಟೆಯಲ್ಲಿ ಮುಗಿಯಿತು.