ಅಣ್ಣನ ಜಾಗಕ್ಕೆ ಬಂದ ತಮ್ಮ

ಕಳೆದ ತಿಂಗಳು ನಮ್ಮ ಮನೆಯ ನಾನ್‌ಸ್ಟಿಕ್ ತವಾದ ಕಪ್ಪು ಪದರ ನಡುಮಧ್ಯದಲ್ಲಿ ರೂಪಾಯಿಯಗಲ ಎದ್ದುಹೋದಾಗ, ಅಟ್ಟದ ಮೇಲಿದ್ದ ಅಮ್ಮನ ಬೀಡಿನ ಕಾವಲಿಯನ್ನು ಕೆಳಗಿಳಿಸಿದೆ. ತುಕ್ಕು ಉಜ್ಜಿ ತೆಗೆದು, ಎಣ್ಣೆ ಸವರಿ ಕಾಯಿಸಿ ಆರಿಸುವ ಕೆಲಸವನ್ನು ನಾಲ್ಕು ದಿನ ಮಾಡಿ, ಅರ್ಧ ಹೋಳು ಈರುಳ್ಳಿಯಿಂದ ಚೆನ್ನಾಗಿ ಉಜ್ಜಿದ ಮೇಲೂ ಮೊದಲ ಮೂರು ದೋಸೆಗಳು ಹರಿದೇ ಬಂದವು. ನಾಲ್ಕನೆಯದು ಅಂಚಿನಿಂದ ತಾನಾಗಿ ಎದ್ದಿತು. ತವಾದ ಸಿಪ್ಪೆ ಹೊಟ್ಟೆಗೆ ಹೋಗಿ ಏನಾಗುತ್ತದೋ ಎಂಬುದು ಮನೆಯವರ ಆತಂಕವಾಗಿತ್ತು. ಆ ಆತಂಕ ಇರಬೇಕಾದ ಜಾಗ ಬೇರೆ ಎಂದು ನನಗನ್ನಿಸುತ್ತದೆ. ಆ ಪದರ, ಅಂದರೆ ಪಿಟಿಎಫ್‌ಇ, ವಿಪರೀತ ಕಾಯಿಸದಿದ್ದರೆ ಬಹುಮಟ್ಟಿಗೆ ಜಡವಾಗಿಯೇ ಇರುತ್ತದೆ. ದೊಡ್ಡ ಹಾನಿಯಾದದ್ದು ಅದನ್ನು ತಯಾರಿಸುತ್ತಿದ್ದ ಊರುಗಳ ನೀರಿಗೆ.

ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿ, ಒಹಾಯೊ ನದಿಯ ದಡದಲ್ಲಿದ್ದ ಡ್ಯುಪಾಂಟ್ ಕಾರ್ಖಾನೆ 1951ರಿಂದ ಪಿಟಿಎಫ್‌ಇ ತಯಾರಿಕೆಗೆ ಪಿಎಫ್‌ಒಎ ಎಂಬ ಎಂಟು ಇಂಗಾಲದ ಸಹಾಯಕ ರಾಸಾಯನಿಕವನ್ನು ಬಳಸುತ್ತಿತ್ತು. ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧ ಸಾವಯವ ರಸಾಯನಶಾಸ್ತ್ರದಲ್ಲೇ ಅತಿ ಗಟ್ಟಿಯಾದ ಏಕಬಂಧ. ಎಣ್ಣೆಗೂ ನೀರಿಗೂ ಶಾಖಕ್ಕೂ ಜಗ್ಗದ ಗುಣವನ್ನು ಈ ವಸ್ತುಗಳಿಗೆ ಕೊಟ್ಟದ್ದು ಅದೇ ಬಂಧ, ಮಣ್ಣಿನ ಸೂಕ್ಷ್ಮಜೀವಿಗಳಿಗೂ ನಮ್ಮ ಯಕೃತ್ತಿಗೂ ಒಡೆಯಲಾಗದಂತೆ ಮಾಡಿದ್ದೂ ಅದೇ ಬಂಧ. ಪಿಎಫ್‌ಒಎ ಸುತ್ತಲಿನ ಊರುಗಳ ಕುಡಿಯುವ ನೀರಿಗೆ ಸೇರಿದ್ದಕ್ಕೆ ಅಲ್ಲಿಯ ಜನ ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯ ರಾಜಿಯ ಫಲವಾಗಿ ಸುಮಾರು 69,000 ಜನರ ರಕ್ತಪರೀಕ್ಷೆ ನಡೆಯಿತು. ಆ ಮಾಹಿತಿಯನ್ನೂ ಆಧರಿಸಿ ಅಧ್ಯಯನ ಮಾಡಿದ ವಿಜ್ಞಾನಿಗಳ ಸಮಿತಿ, ಮೂತ್ರಪಿಂಡದ ಮತ್ತು ವೃಷಣದ ಕ್ಯಾನ್ಸರ್, ಥೈರಾಯ್ಡ್ ರೋಗ ಸೇರಿದಂತೆ ಆರು ಕಾಯಿಲೆಗಳಿಗೂ ಪಿಎಫ್‌ಒಎಗೂ ನಂಟಿರುವ ಸಂಭವವಿದೆ ಎಂದು 2012ರ ವೇಳೆಗೆ ಹೇಳಿತು.

ಇಷ್ಟಾದ ಮೇಲೆ ಪಿಎಫ್‌ಒಎ ಬಳಕೆ ನಿಂತಿತು. ಅದರ ಜಾಗಕ್ಕೆ ಬಂದದ್ದು ಜೆನ್‌ಎಕ್ಸ್. ಎಂಟರ ಬದಲು ಆರು ಇಂಗಾಲ, ನಡುವೆ ಒಂದು ಆಮ್ಲಜನಕ, ಉಳಿದಂತೆ ಅದೇ ಮನೆತನ. 2017ರಲ್ಲಿ ನಾರ್ತ್ ಕ್ಯಾರೊಲೈನಾದ ವಿಲ್ಮಿಂಗ್ಟನ್ ಜನರಿಗೆ ತಾವು ಕುಡಿಯುತ್ತಿದ್ದ ಕೇಪ್ ಫಿಯರ್ ನದಿಯ ನೀರಿನಲ್ಲಿ ಅದು ಇರುವುದು ಗೊತ್ತಾಯಿತು. ಅಣ್ಣನನ್ನು ಮನೆಯಿಂದ ಹೊರಹಾಕಿ ತಮ್ಮನಿಗೆ ಬೀಗದ ಕೈ ಕೊಟ್ಟ ಹಾಗಾಯಿತು. ನಿಯಂತ್ರಣದ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಪ್ರಸಂಗ. ಬಹುಕಾಲ ಕರಗದೆ ಉಳಿಯುವ ವಿಷವಸ್ತುಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದ, ಇದೇ ಮನೆತನದ ಪಿಎಫ್‌ಒಎಸ್ ಅನ್ನು 2009ರಲ್ಲಿ, ಪಿಎಫ್‌ಒಎ ಅನ್ನು 2019ರಲ್ಲಿ, ಇನ್ನೊಬ್ಬ ನೆಂಟ ಪಿಎಫ್‌ಎಚ್‌ಎಕ್ಸ್‌ಎಸ್ ಅನ್ನು 2022ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಒಟ್ಟು ಕುಟುಂಬದಲ್ಲಿ, ಅಂದರೆ ಪಿಎಫ್‌ಎಎಸ್ ಎಂದು ಕರೆಯುವ ವರ್ಗದಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. ಒಬ್ಬೊಬ್ಬರನ್ನೇ ಕಟಕಟೆಗೆ ಹತ್ತಿಸಿ ಅಪರಾಧ ಸಾಬೀತು ಮಾಡುತ್ತಾ ಕುಳಿತರೆ ಎಷ್ಟು ತಲೆಮಾರು ಬೇಕಾದೀತು ಎಂಬುದಕ್ಕೆ ಲೆಕ್ಕಾಚಾರವೇ ಬೇಡ.

ಡೆನ್ಮಾರ್ಕ್, ಜರ್ಮನಿ, ನೆದರ್‌ಲೆಂಡ್ಸ್, ನಾರ್ವೆ ಮತ್ತು ಸ್ವೀಡನ್ ದೇಶಗಳು 2023ರ ಜನವರಿಯಲ್ಲಿ ಯುರೋಪಿನ ರಾಸಾಯನಿಕ ಸಂಸ್ಥೆಯ ಮುಂದಿಟ್ಟ ಪ್ರಸ್ತಾವ ಹೀಗಾಗಿಯೇ ಮಹತ್ವದ್ದು. ಇಡೀ ವರ್ಗವನ್ನೇ ನಿರ್ಬಂಧಿಸಿ, ಬದಲಿ ಇನ್ನೂ ಸಿಗದ ಬಳಕೆಗಳಿಗೆ ಮಾತ್ರ ಕಾಲಮಿತಿಯ ವಿನಾಯಿತಿ ಕೊಡೋಣ ಎಂಬುದು ಅದರ ತಿರುಳು. ಅದಕ್ಕೆ 5,600ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಇದರ ಹಿಂದಿರುವ ತರ್ಕ ಹೊಸದೇನಲ್ಲ. ಓಝೋನ್ ಪದರವನ್ನು ಉಳಿಸಲು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದವೂ ಒಂದು ಬಳಕೆ ಸಮಾಜಕ್ಕೆ ಅನಿವಾರ್ಯವೇ, ಅದಕ್ಕೆ ಬೇರೆ ದಾರಿ ಇದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿತ್ತು. ಚಿಪ್ ತಯಾರಿಕೆ, ಕೆಲವು ವೈದ್ಯಕೀಯ ಸಾಧನಗಳು, ಹೈಡ್ರೋಜನ್ ತಯಾರಿಸುವ ಪೊರೆಗಳು ಈ ಪರೀಕ್ಷೆಯಲ್ಲಿ ಸದ್ಯಕ್ಕೆ ಉಳಿದುಕೊಂಡಾವು. ಹಿಮದ ಮೇಲೆ ಜಾರುವ ಹಲಗೆಗೆ ಬಳಿಯುವ ಮೇಣಕ್ಕೆ ಫ್ಲೋರಿನ್ ಯಾಕೆ ಬೇಕು? ಆ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವೇ ಅದನ್ನು ಸ್ಪರ್ಧೆಗಳಿಂದ ಹೊರಗಿಟ್ಟಿದೆ. ಕಾಗದದ ಆಹಾರ ಪೊಟ್ಟಣಗಳಲ್ಲಿ ಈ ವಸ್ತುಗಳನ್ನು ಡೆನ್ಮಾರ್ಕ್ 2020ರಲ್ಲೇ ನಿಷೇಧಿಸಿತು. ಮುತ್ತುಗದ ಎಲೆಯಲ್ಲೂ ಬಾಳೆಲೆಯಲ್ಲೂ ಎಣ್ಣೆಯ ತಿಂಡಿ ಕಟ್ಟಿಸಿಕೊಂಡು ಬೆಳೆದ ನಮಗೆ ಇದೊಂದು ದೊಡ್ಡ ತ್ಯಾಗವೆಂದು ತೋರಲಾರದು.

ಬದಲಿ ಹುಡುಕುವ ಕೆಲಸ ಎಲ್ಲ ಕಡೆಯೂ ಇಷ್ಟು ಸಲೀಸಾಗಿರುವುದಿಲ್ಲ. ಬೆಂಕಿ ಆರಿಸುವ ನೊರೆಯನ್ನೇ ನೋಡಿ. ಪೆಟ್ರೋಲಿಗೆ ಬೆಂಕಿ ಬಿದ್ದಾಗ ಫ್ಲೋರಿನ್ ಇರುವ ನೊರೆ ಇಂಧನದ ಮೇಲೆ ನೀರಿನ ತೆಳು ಪೊರೆಯೊಂದನ್ನು ಹರಡಿ ಆವಿಯನ್ನು ಕಟ್ಟಿಹಾಕುತ್ತದೆ. ಫ್ಲೋರಿನ್ ಇಲ್ಲದ ನೊರೆಗೆ ಈ ಪೊರೆ ಇಲ್ಲ. ಗುಳ್ಳೆಗಳ ದಪ್ಪ ಹೊದಿಕೆಯಿಂದಲೇ ಅದು ಬೆಂಕಿಯನ್ನು ಮುಚ್ಚಬೇಕು. ಆದ್ದರಿಂದ ಕೇವಲ ಡಬ್ಬ ಬದಲಿಸಿದರೆ ಸಾಲದು, ಸಿಂಪಡಿಸುವ ಪ್ರಮಾಣ, ನಳಿಕೆ, ಸಿಬ್ಬಂದಿಯ ತರಬೇತಿ ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಹಳೆಯ ಟ್ಯಾಂಕನ್ನು ಸರಿಯಾಗಿ ತೊಳೆಯದಿದ್ದರೆ ಗೋಡೆಗೆ ಅಂಟಿಕೊಂಡ ಪಿಎಫ್‌ಎಎಸ್ ಹೊಸ ನೊರೆಗೂ ಇಳಿಯುತ್ತದೆ. ಹಾಗಿದ್ದೂ ಲಂಡನ್ನಿನ ಹೀಥ್ರೂದಂಥ ವಿಮಾನ ನಿಲ್ದಾಣ ಈ ಬದಲಾವಣೆ ಮಾಡಿಕೊಂಡಿತು. ಅಮೆರಿಕದ ಸೇನೆಯೂ 2023ರಲ್ಲಿ ಫ್ಲೋರಿನ್‌ರಹಿತ ನೊರೆಗೆ ಮಾನದಂಡ ಪ್ರಕಟಿಸಿತು.

ಬದಲಾಯಿಸದಿದ್ದರೆ ತೆರಬೇಕಾದ ಬೆಲೆ ಏನೆಂಬುದು ಸ್ವೀಡನ್ನಿನ ರೊನ್ನೆಬಿ ಪಟ್ಟಣಕ್ಕೆ ಗೊತ್ತು. ಸೇನೆಯ ವಿಮಾನ ನೆಲೆಯಲ್ಲಿ ಬೆಂಕಿ ಆರಿಸುವ ಅಭ್ಯಾಸಕ್ಕೆ ಬಳಸಿದ ನೊರೆ ಅಂತರ್ಜಲಕ್ಕೆ ಇಳಿದು, ಪಟ್ಟಣದ ಒಂದು ಭಾಗದ ನಲ್ಲಿಗಳಿಗೆ ವರ್ಷಗಟ್ಟಲೆ ಹರಿದದ್ದು 2013ರ ಡಿಸೆಂಬರಿನಲ್ಲಿ ಪತ್ತೆಯಾಯಿತು. ನೀರು ಬದಲಿಸಿದ ಮೇಲೆ ಜನರ ರಕ್ತದಲ್ಲಿ ಪಿಎಫ್‌ಒಎ ಅರ್ಧಕ್ಕೆ ಇಳಿಯಲು 2.7 ವರ್ಷ, ಪಿಎಫ್‌ಒಎಸ್‌ಗೆ 3.4 ವರ್ಷ, ಪಿಎಫ್‌ಎಚ್‌ಎಕ್ಸ್‌ಎಸ್‌ಗೆ 5.3 ವರ್ಷ ಹಿಡಿಯುತ್ತದೆಂದು ಅಲ್ಲಿಯ ಸಂಶೋಧಕರು ಅಳೆದರು. ಇನ್ನೂ ಕಾಯಿಲೆ ಬೀಳದಿದ್ದರೂ, ರಕ್ತದಲ್ಲಿ ಅಷ್ಟು ಹೆಚ್ಚಿನ ಪ್ರಮಾಣ ಸೇರಿರುವುದೇ ದೇಹಕ್ಕಾದ ಹಾನಿ ಎಂದು ಸ್ವೀಡನ್ನಿನ ಸರ್ವೋಚ್ಚ ನ್ಯಾಯಾಲಯ 2023ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ನಾನು ಓದಿದ ಪರಿಸರ ತೀರ್ಪುಗಳಲ್ಲಿ ಇಷ್ಟು ದೂರ ಹೋದದ್ದು ಬೇರೊಂದಿಲ್ಲ.

ಪ್ರಮಾಣದ ಮಾತು ಬಂದದ್ದರಿಂದ ಒಂದು ಲೆಕ್ಕ ಹೇಳಬೇಕು. ಕುಡಿಯುವ ನೀರಿನಲ್ಲಿ ಪಿಎಫ್‌ಒಎ, ಪಿಎಫ್‌ಒಎಸ್‌ಗಳಿಗೆ ಅಮೆರಿಕ 2024ರಲ್ಲಿ ಗೊತ್ತುಮಾಡಿದ ಮಿತಿ ಲೀಟರಿಗೆ ತಲಾ 4 ನ್ಯಾನೊಗ್ರಾಂ. ಒಂದು ಗ್ರಾಂ, ಅಂದರೆ ಕಾಲು ಚಮಚಕ್ಕೂ ಕಡಿಮೆ ಉಪ್ಪಿನಷ್ಟು ಪಿಎಫ್‌ಒಎ, 25 ಕೋಟಿ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ಕುದಿಸಿದರೆ ಅದು ಹೋಗುವುದಿಲ್ಲ. ಮನೆಯ ಆರ್‌ಒ ಯಂತ್ರ ಬಹುಪಾಲನ್ನು ತಡೆಯುತ್ತದೆ, ಆದರೆ ತಡೆದದ್ದು ಹೊರಗೆ ಬಿಡುವ ನೀರಿನೊಂದಿಗೆ ಮೋರಿ ಸೇರುತ್ತದೆ. ಮೂಲದಲ್ಲೇ ತಡೆಯುವುದಕ್ಕಿಂತ ಅಗ್ಗದ ಉಪಾಯ ನನಗಂತೂ ಕಾಣುವುದಿಲ್ಲ.

ನಮ್ಮ ದೇಶದ ಸಂಗತಿಗೆ ಬಂದರೆ, ಕುಡಿಯುವ ನೀರಿನ ಮಾನಕವಾದ ಐಎಸ್ 10500ರಲ್ಲಿ ಈ ವಸ್ತುಗಳಿಗೆ ಮಿತಿಯಿಲ್ಲ. 2020ರಲ್ಲಿ ಕೇಂದ್ರ ಸಂಪುಟ ಸ್ಟಾಕ್‌ಹೋಮ್ ಪಟ್ಟಿಯ ಏಳು ರಾಸಾಯನಿಕಗಳಿಗೆ ಸಮ್ಮತಿ ಕೊಟ್ಟಿತಾದರೂ ಪಿಎಫ್‌ಒಎಸ್ ಆಗಲಿ ಪಿಎಫ್‌ಒಎ ಆಗಲಿ ಅವುಗಳಲ್ಲಿ ಇರಲಿಲ್ಲ. ಆಹಾರಕ್ಕೆ ತಾಗುವ ಪೊಟ್ಟಣ ಸಾಮಗ್ರಿಗಳಲ್ಲಿ ಪಿಎಫ್‌ಎಎಸ್ ಬಳಕೆಯನ್ನು ನಿಷೇಧಿಸುವ ಕರಡನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಹೊರಡಿಸಿತು. ಅದೂ ವರ್ಗವನ್ನೇ ಹಿಡಿದಿರುವುದು ಸಮಾಧಾನದ ಸಂಗತಿ. ಕೊಕ್ಕಡ, ಪಟ್ರಮೆಗಳಲ್ಲಿ ಎಂಡೋಸಲ್ಫಾನ್ ಏನು ಮಾಡಿತೆಂಬುದನ್ನು ಕಂಡ ದಕ್ಷಿಣ ಕನ್ನಡದವರಿಗೆ, ಕಾನೂನು ಬರುವ ಹೊತ್ತಿಗೆ ಎಷ್ಟು ತಡವಾಗಿರಬಹುದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇಟಲಿಯ ತ್ರಿಸ್ಸಿನೊದಲ್ಲಿ ಮಿತೇನಿ ಎಂಬ ಕಾರ್ಖಾನೆಯಿತ್ತು. ವೆನೆತೊ ಪ್ರಾಂತ್ಯದ ಅಂತರ್ಜಲವನ್ನು ಪಿಎಫ್‌ಎಎಸ್‌ನಿಂದ ಕೆಡಿಸಿ, 2018ರಲ್ಲಿ ಅದು ದಿವಾಳಿಯಾಯಿತು. 2025ರ ಜೂನಿನಲ್ಲಿ ವಿಚೆಂಜಾದ ನ್ಯಾಯಾಲಯ ಹನ್ನೊಂದು ಜನರಿಗೆ ಸೆರೆವಾಸ ವಿಧಿಸಿತು. ಅಷ್ಟರಲ್ಲಿ ಆ ಕಾರ್ಖಾನೆಯ ಯಂತ್ರಗಳು ಹರಾಜಿನಲ್ಲಿ ಭಾರತದ ಕಂಪನಿಯೊಂದಕ್ಕೆ ಮಾರಾಟವಾಗಿ, ಹಡಗೇರಿ, ರತ್ನಾಗಿರಿ ಜಿಲ್ಲೆಯ ಲೋಟೆ ಪರಶುರಾಮಕ್ಕೆ ಬಂದಿಳಿದಿದ್ದವು. ನಮ್ಮ ಉಡುಪಿ, ಕಾರವಾರಗಳನ್ನು ಹಾದು ಉತ್ತರಕ್ಕೆ ಹೋಗುವ ಹೆದ್ದಾರಿ 66ರ ಬದಿಯಲ್ಲೇ ಆ ಊರಿದೆ.