ಬಾಳೆಕಾಯಿ ಪಲ್ಯ, 38 ಎಲೆ

ಎಲೆ ಫೋಟೋ ಕಳಿಸದೆ ಪಂಕ್ತಿ ಶುರು ಮಾಡಬಾರದು ಅಂತ ನಮ್ಮ ಕ್ಯಾಟರಿಂಗ್ ಆಫೀಸಿನಲ್ಲೊಂದು ನಿಯಮ ಇದೆ. ಮಾಲೀಕರ ಮಗ ತಂದದ್ದು. ಬಡಿಸಿದ ಮೊದಲ ಎಲೆಯ ಫೋಟೋ ಗ್ರೂಪಿಗೆ ಹಾಕಬೇಕು, ಅಲ್ಲಿಂದ ಓಕೆ ಬಂದ ಮೇಲೆ ಜನರನ್ನು ಕೂರಿಸಬೇಕು. ಮನೆಯವರು ಹಸಿದು ನಿಂತಿರುವಾಗ ನಾನು ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೊಬೈಲ್ ಹಿಡಿಯೋದು ನೋಡಿದರೆ ಯಾರಿಗಾದರೂ ನಗು ಬರಬೇಕು. ಈ ನಿಯಮವನ್ನು ನಾನು ಬೈದಷ್ಟು ಇನ್ಯಾರೂ ಬೈದಿಲ್ಲ. ಕಳೆದ ಬಲಿಪಾಡ್ಯಮಿಯ ದಿನ ಅದೇ ಫೋಟೋ ನನ್ನ ಮಾನ ಉಳಿಸಿತು. ಉಳಿಸಿತು ಅನ್ನೋದೂ ಸರಿಯಲ್ಲ, ಹೋಗುತ್ತೆ ಅಂತ ಹತ್ತು ನಿಮಿಷ ಮುಂಚೆ ತಿಳಿಸಿತು.

ಆರ್ಡರ್ ಚಿಕ್ಕದು. ಬನಶಂಕರಿ ಕಡೆಯ ಮನೆ, 38 ಎಲೆ, ಹಬ್ಬದ ಮಧ್ಯಾಹ್ನದ ಊಟ. ಭಟ್ಟರು ಮನೆಗೇ ಹೋಗಿ ಮಾಡೋದು. ಮದುವೆ ಆರ್ಡರ್ ನೋಡಿಕೊಳ್ಳೋ ಸೂಪರ್‌ವೈಸರ್‌ಗಳು ಇಂಥದ್ದನ್ನ ಮುಟ್ಟಲ್ಲ, ಹಾಗಾಗಿ ನನ್ನ ತಲೆಗೆ ಬಂತು. ಮೆನು ಮಾತಾಡಿದ್ದು ಆ ಮನೆಯ ಸೊಸೆ. ಸೊಸೆ ಅಂದರೆ ಹೊಸಬರಲ್ಲ, ಐವತ್ತು ದಾಟಿದವರು. ಕೋಸಂಬರಿ, ಚಿತ್ರಾನ್ನ, ಹುಳಿ, ತಿಳಿಸಾರು, ಆಂಬೊಡೆ, ಹೋಳಿಗೆ ಎಲ್ಲ ಐದು ನಿಮಿಷದಲ್ಲಿ ಮುಗೀತು. ಪಲ್ಯ ಒಂದಕ್ಕೇ ಇಪ್ಪತ್ತೈದು ನಿಮಿಷ ಹಿಡೀತು.

"ಪಲ್ಯ ಒಂದೇ ಸಾಕು. ಆದ್ರೆ ಆ ಒಂದು ಎಲ್ಲರ ಎಲೆಗೂ ಬೀಳ್ಬೇಕು," ಅಂದರು. "ನಮ್ಮತ್ತೆ, ಅವರಕ್ಕ ಇಬ್ರೂ ಚಾತುರ್ಮಾಸ್ಯ ಹಿಡೀತಾರೆ. ಅವರ ಅನ್ನ, ಸಾರು, ಪಾಯಸ ನಾನೇ ಒಳಗೆ ಮಾಡ್ಕೋತೀನಿ. ವರ್ಷಾವರ್ಷ ಅವರಿಬ್ಬರ ಎಲೆ ನೋಡಿದ್ರೆ ಬೇರೆ ಯಾರದೋ ಮನೆ ಊಟದ ಥರ ಇರುತ್ತೆ ರೀ. ಈ ಸಲ ಪಲ್ಯ ಆದ್ರೂ ಒಂದೇ ಇರ್ಲಿ."

ಈ ಲೈನಿನಲ್ಲಿರೋರಿಗೆ ಚಾತುರ್ಮಾಸ್ಯ ಗೊತ್ತಿಲ್ಲದೆ ನಡೆಯಲ್ಲ. ನಾಲ್ಕು ತಿಂಗಳ ಊಟದ ವ್ರತ, ಆಷಾಢ ಶುದ್ಧ ಏಕಾದಶಿಗೆ ಶುರು. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರರಲ್ಲಿ ಹಾಲಿಲ್ಲ, ನಾಲ್ಕರಲ್ಲಿ ದ್ವಿದಳ, ಅಂದರೆ ಒಡೆದರೆ ಎರಡು ಹೋಳಾಗೋ ಬೇಳೆಕಾಳು ಇಲ್ಲ. ದೀಪಾವಳಿ ಪ್ರತಿ ವರ್ಷ ಬಂದು ಬೀಳೋದು ಆ ನಾಲ್ಕನೇ ತಿಂಗಳಲ್ಲೇ. ಅಂದರೆ ಊರಿಗೆಲ್ಲ ಹೂರಣ, ಆಂಬೊಡೆ, ಹುಳಿ ಅಂತ ಬೇಳೆಯ ಮೇಲೆ ಬೇಳೆ ಬೇಯುವ ಹೊತ್ತಿಗೆ, ವ್ರತ ಹಿಡಿದವರಿಗೆ ಬೇಳೆಯೇ ಇಲ್ಲ. ಉಳಿದ ನಿಯಮ ಮನೆಮನೆಗೂ ಬೇರೆ. ಕೆಲವರು ಬಹುಬೀಜ ಅಂತ ಬದನೆ, ಬೆಂಡೆ ಬಿಡ್ತಾರೆ. ಇವರ ಮನೆಯಲ್ಲೂ ಹಾಗೇ.

ಇಷ್ಟು ಗೊತ್ತಿದ್ದೂ ನನ್ನ ಬಾಯಿಂದ ಮೊದಲು ಬಂದದ್ದು, "ಬೀನ್ಸ್ ಹಾಕಿಬಿಡೋಣ ಮೇಡಂ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹುರುಳಿಕಾಯಿ ಅಲ್ವೇನ್ರೀ ಅದು?"

ಹುರುಳಿಕಾಯಿಯೇ. ಸುಲಿದರೆ ಒಳಗೆ ಸಾಲಾಗಿ ಕೂತಿರೋದೇ ದ್ವಿದಳ. ಗೋರಿಕಾಯಿ ಅಂದೆ, ಅದೂ ಅದೇ ಜಾತಿ. ಅಲಸಂದೆ ಅನ್ನೋಕೆ ಬಾಯಿ ತೆರೆದು ಮುಚ್ಚಿಕೊಂಡೆ. ಎಲೆಕೋಸು ಅತ್ತೆಗೆ ವಾಸನೆ. ಸುವರ್ಣಗೆಡ್ಡೆಗೆ ನಾನೇ ಬೇಡ ಅಂದೆ, ಒಂದು ಹೋಳು ಸರಿಯಾಗಿ ಬೇಯದಿದ್ದರೂ ಹಬ್ಬದ ದಿನ ಮನೆಮಂದಿಯೆಲ್ಲ ಗಂಟಲು ಕೆರೆದುಕೊಳ್ಳಬೇಕು. ಆಗ ನನಗೊಂದು ಬುದ್ಧಿವಂತಿಕೆ ಹೊಳೀತು. ಸೀಮೆಬದನೆ! ಒಂದೇ ಬೀಜ, ಬಹುಬೀಜದ ಪ್ರಶ್ನೆಯೇ ಇಲ್ಲ. ಇದನ್ನು ವಕೀಲರ ಥರ ವಿವರಿಸಿದೆ ಕೂಡ. ಅವರು ನಕ್ಕುಬಿಟ್ಟರು. "ಹೆಸರಲ್ಲೇ ಸೀಮೆ ಇದೆಯಲ್ರೀ, ಅತ್ತೆ ಅದನ್ನ ಒಳಗೇ ಬಿಟ್ಕೊಳಲ್ಲ."

ಕೊನೆಗೆ ಬಾಳೆಕಾಯಿಗೆ ಬಂದು ನಿಂತೆವು. ಬೀಜವಿಲ್ಲ, ಹೊರಗಿಂದ ಬಂದದ್ದು ಅನ್ನೋ ತಕರಾರಿಲ್ಲ, ಬೆಳಗ್ಗೆ ಮಾಡಿಟ್ಟರೂ ನೀರು ಬಿಡಲ್ಲ. ನಲವತ್ತು ಜನರೊಳಗಿನ ಆರ್ಡರ್‌ಗೆ ಇದಕ್ಕಿಂತ ಒಳ್ಳೆ ಪಲ್ಯ ಇಲ್ಲ ಅಂತ ಈಗಲೂ ಹೇಳ್ತೀನಿ. ಫೋನ್ ಇಟ್ಟವನು ಟೀ ತರಿಸಿಕೊಂಡು ಕುಡಿದೆ, ಅಷ್ಟು ಖುಷಿ.

ಆಮೇಲೆ ಆ್ಯಪ್‌ನಲ್ಲಿ ಎಂಟ್ರಿ. ನಮ್ಮ ಆ್ಯಪ್‌ಗೆ ಗೊತ್ತಿರೋ ಊಟ ಮೂರೇ: ರೆಗ್ಯುಲರ್, ನೋ ಆನಿಯನ್ ಗಾರ್ಲಿಕ್, ಜೈನ್. ಎರಡನೆಯದನ್ನು ಒತ್ತಿದೆ. ಕೆಳಗೆ ರಿಮಾರ್ಕ್ಸ್ ಅಂತ ಒಂದು ಡಬ್ಬಿ ಇದೆ, ಅದರಲ್ಲಿ "ಪಲ್ಯ ದ್ವಿದಳ ವ್ರತದವರಿಗೂ, ಬೇಳೆ ಬೇಡ" ಅಂತ ಬರೆದೆ. ಆ ಡಬ್ಬಿಯಲ್ಲಿ ಬರೆದದ್ದು ಭಟ್ಟರಿಗೆ ಹೋಗುವ ಚೀಟಿಯಲ್ಲಿ ಪ್ರಿಂಟ್ ಆಗಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂತ ಬರೆಯೋಕೆ ಆಸೆ ಇದೆ. ಗೊತ್ತಿತ್ತು. ಹೋಗಿ ಬಾಯಲ್ಲಿ ಹೇಳಿದರಾಯ್ತು ಅಂದುಕೊಂಡಿದ್ದೆ. ಇನ್ನೂ ಒಂದು ಹೇಳಿಬಿಡ್ತೀನಿ: ಅದೇ ಸಂಜೆ ಆ ಮನೆಯ ಇಂಡೆಂಟ್, ಅಂದರೆ ಸಾಮಾನಿನ ಪಟ್ಟಿ, ಬರೆದವನೂ ನಾನೇ. ಬಾಳೆಕಾಯಿ 45, ತೆಂಗಿನಕಾಯಿ 12, ಅದರ ಕೆಳಗೆ ನನ್ನದೇ ಅಕ್ಷರದಲ್ಲಿ "ಉದ್ದಿನಬೇಳೆ ಅರ್ಧ ಕೆಜಿ, ಒಗ್ಗರಣೆಗೆ". ಬರೆಯುವಾಗ ಕೈ ಒಂದು ಕ್ಷಣವೂ ತಡೆಯಲಿಲ್ಲ.

ಹಬ್ಬದ ದಿನ ಭಟ್ಟರು ಇಬ್ಬರು ಮಾಣಿಗಳ ಜೊತೆ ಏಳಕ್ಕೇ ಹೋಗಿದ್ದರು. ನಾನು ಬೇರೆರಡು ಆರ್ಡರ್ ನೋಡಿ ಅಲ್ಲಿ ತಲುಪಿದ್ದು ಹತ್ತೂವರೆಗೆ. ಮನೆಯ ಹಿಂದೆ ಶೀಟ್ ಹಾಕಿದ ಜಾಗದಲ್ಲಿ ಎರಡು ಒಲೆ, ಒಂದರಲ್ಲಿ ಹುಳಿ ಕುದೀತಿತ್ತು.

"ಪಲ್ಯ?"

"ಅದು ಆಗಿ ಮುಚ್ಚಿಟ್ಟಾಯ್ತು ಮಾರಾಯ್ರೆ."

ಮುಚ್ಚಳ ಎತ್ತಿ ನೋಡಿದೆ. ಹೋಳುಗಳನ್ನು ಮಜ್ಜಿಗೆ ನೀರಿಗೆ ಹೆಚ್ಚಿ ಹಾಕಿದ್ದರಿಂದ ಒಂದೂ ಕಪ್ಪಾಗಿರಲಿಲ್ಲ. ಮೇಲೆಲ್ಲ ಬೆಳ್ಳಗೆ ಕಾಯಿತುರಿ. ನೈವೇದ್ಯ ಆಗದೆ ರುಚಿ ನೋಡೋ ಹಾಗಿಲ್ಲ, ನೋಡಲಿಲ್ಲ. ಹೇಳಬೇಕಾದ ಮಾತು ಆಗಲೂ ನೆನಪಿಗೆ ಬರಲಿಲ್ಲ. ಬಾಳೆಕಾಯಿ ಅಂದೆ, ಬಾಳೆಕಾಯಿ ಆಗಿದೆ, ಮುಗೀತು. ಸೊಸೆ ಬಂದು ಒಂದು ಸಣ್ಣ ಸ್ಟೀಲ್ ಪಾತ್ರೆ ಕೊಟ್ಟು, ಅತ್ತೆಯವರಿಗೆ ಅಂತ ಮೊದಲೇ ಎರಡು ಸೌಟು ತೆಗೆದಿಡಿ ಅಂದರು. ತೆಗೆದಿಟ್ಟೆ.

12:40ಕ್ಕೆ ಮೊದಲ ಎಲೆ ಬಡಿಸಿ ಫೋಟೋ ತೆಗೆದೆ. ಹೋಳಿಗೆಯ ಅಂಚು ಮಸುಕಾಗಿದೆಯಾ ಅಂತ ಎರಡು ಬೆರಳಲ್ಲಿ ದೊಡ್ಡದು ಮಾಡಿದೆ. ಚಿತ್ರ ಜಾರಿ ಪಲ್ಯದ ಮೇಲೆ ನಿಂತಿತು. ಕಾಯಿತುರಿಯ ಸಂದಿಯಲ್ಲಿ, ಹೊಟ್ಟೆ ಹಳದಿ, ಅಂಚು ಕೆಂಪು, ಹದವಾಗಿ ಹುರಿದ ಒಂದು ಉದ್ದಿನಬೇಳೆ. ಪಕ್ಕದಲ್ಲೇ ಇನ್ನೊಂದು. ಅದರಾಚೆ ಒಂದು ಕಡಲೆಬೇಳೆ, ಫೋಟೋಗೆ ಅಂತಲೇ ಕೂರಿಸಿದ ಹಾಗೆ.

ಕಿವಿಯೆಲ್ಲ ಬಿಸಿಯಾಯಿತು. ಅಷ್ಟರಲ್ಲಿ ಗ್ರೂಪಿನಲ್ಲಿ ಉತ್ತರ ಬಂತು: "ಓಕೆ. ಸೂಪರ್ ಕಲರ್."

ಮುಂದಿನ ನಾಲ್ಕೈದು ನಿಮಿಷ ನಾನು ಮಾಡಿದ್ದನ್ನು ಮನೆಯಲ್ಲೂ ಹೇಳಿಲ್ಲ. ತೆಗೆದಿಟ್ಟ ಸ್ಟೀಲ್ ಪಾತ್ರೆ ಎತ್ತಿಕೊಂಡು ನೀರಿನ ಡ್ರಮ್ಮಿನ ಹಿಂದೆ ಹೋದೆ. ಒಂದು ಚಮಚ, ಕೆಳಗೆ ಬಾಳೆಲೆಯ ತುಂಡು. ಬೇಳೆ ಆರಿಸೋಕೆ ಶುರು ಮಾಡಿದೆ. ಒಂದು, ಎರಡು, ಮೂರು. ಬಾಳೆಕಾಯಿಯ ಅಂಟಿಗೆ ಕೆಲವು ಹೋಳಿಗೇ ಕಚ್ಚಿಕೊಂಡಿದ್ದವು, ಉಗುರು ಹಾಕಿ ಎಬ್ಬಿಸಬೇಕು. ಎಣ್ಣೆಯಲ್ಲಿ ಹುರಿದಾಗಲೇ ಬೇಳೆ ತನ್ನದನ್ನೆಲ್ಲ ಪಲ್ಯಕ್ಕೆ ಬಿಟ್ಟಾಗಿದೆ, ಆರಿಸಿ ಏನು ಮಾಡ್ತೀಯ ಅಂತ ಒಳಗೊಬ್ಬ ಕೇಳ್ತಿದ್ದ. ಇನ್ನೊಬ್ಬ ಸಮಾಧಾನ ಹೇಳ್ತಿದ್ದ: ಇಬ್ಬರಿಗೂ ಎಂಬತ್ತರ ಮೇಲೆ, ಕಣ್ಣು ಮಂದ, ಕಾಣಲ್ಲ ಬಿಡು. ಹೌದು, ಹಾಗೇ ಅಂದುಕೊಂಡೆ. ನಾಲ್ಕು ತಿಂಗಳು ಬಾಯಿ ಕಟ್ಟಿದ ಇಬ್ಬರು ಮುದುಕಿಯರ ಕಣ್ಣಿನ ಪೊರೆಯ ಮೇಲೆ ನನ್ನ ಕೆಲಸ ನಿಲ್ಲಿಸೋಕೆ ಹೊರಟಿದ್ದೆ.

ಹತ್ತೊಂಬತ್ತನೆಯದು ಆರಿಸುವಾಗ ಹಿಂದಿನಿಂದ ದನಿ. "ಏನ್ರೀ, ಏನಾದ್ರೂ ಬಿತ್ತಾ?"

ಸೊಸೆ. ಕೂದಲೋ ನೊಣವೋ ಅಂದುಕೊಂಡಿರಬೇಕು. ಹೂಂ ಅಂದುಬಿಡೋಣ ಅನ್ನಿಸಿತು. ಊಟದಲ್ಲಿ ಕೂದಲು ಸಿಕ್ಕಿದೆ ಅಂತ ಯಾವ ಕ್ಯಾಟರಿಂಗಿನವನೂ ಬಾಯಿಬಿಟ್ಟು ಹೇಳಲ್ಲ, ಆದರೆ ಆ ಹೊತ್ತಿಗೆ ನನಗೆ ಕೂದಲೇ ಹಗುರ ಅನ್ನಿಸಿತು ನೋಡಿ.

"ಬೇಳೆ ಬಿದ್ದಿದೆ," ಅಂದೆ.

ಅವರು ಬಗ್ಗಿ ಎಲೆಯ ತುಂಡಿನ ಮೇಲಿದ್ದ ಹತ್ತೊಂಬತ್ತನ್ನೂ ನೋಡಿದರು. "ಬಿದ್ದಿದ್ದಲ್ಲ, ಹಾಕಿದ್ದು."

ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ನಾನು ಎಲೆಯ ತುಂಡನ್ನು ಮುದುರಿ ಜೇಬಿಗೆ ತುರುಕಿಕೊಂಡೆ, ಯಾಕೆ ಅಂತ ಕೇಳಬೇಡಿ. ಅವರು ಒಳಗೆ ಹೋಗಿ ಫ್ರಿಜ್ ತೆಗೆದ ಸದ್ದು ಕೇಳಿಸಿತು. ಬಂದಾಗ ಕೈಯಲ್ಲಿ ಎರಡು ಬಾಳೆಕಾಯಿ.

"ಯಾವುದಕ್ಕೂ ಇರ್ಲಿ ಅಂತ ನಿನ್ನೆ ತಂದಿಟ್ಟಿದ್ದೆ. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ."

ಎರಡು ವರ್ಷದ ಕೆಳಗೆ ಒಬ್ಬರು ಸಾರಿನಲ್ಲಿ ಉಪ್ಪು ಜಾಸ್ತಿ ಅಂತ ನನ್ನ ಮೇಲೆ ಲೋಟ ಎಸೆದಿದ್ದರು. ಅದು ಇಷ್ಟು ನಾಟಿರಲಿಲ್ಲ.

ಭಟ್ಟರಿಗೆ ಹೇಳಿದೆ. ಅವರು ಸೌಟು ಕೆಳಗಿಟ್ಟು ನನ್ನನ್ನೇ ನೋಡಿದರು. "ವ್ರತದವರಿದ್ದಾರಾ? ಮೊದಲೇ ಹೇಳುದಲ್ವಾ ಮಾರಾಯ್ರೆ! ಚೀಟಿಯಲ್ಲಿ ಬಾಳೆಕಾಯಿ ಪಲ್ಯ ಅಂತ ಉಂಟು. ಬಾಳೆಕಾಯಿ ಪಲ್ಯಕ್ಕೆ ಉದ್ದಿನಬೇಳೆ ಹಾಕದೆ ಇನ್ನೆಂತ ಹಾಕುದು?" ಅಷ್ಟು ಹೇಳುತ್ತಲೇ ಆ ಎರಡು ಕಾಯಿಯ ಸಿಪ್ಪೆ ಹೋಗಿತ್ತು. ಬೇರೆ ಬಾಣಲೆ ತೊಳೆಸಿ ಇಡಿಸಿದರು, ತುಪ್ಪ ಹಾಕಿದರು. ಒಗ್ಗರಣೆ ಡಬ್ಬಿಗೆ ಹೋದ ಕೈ ಸಾಸಿವೆಯ ಬಟ್ಟಲಿನ ಮೇಲೆ ನಿಂತಿತು. "ಸಾಸಿವೆ?" ಅಂತ ಸೊಸೆಯ ಕಡೆ ನೋಡಿದರು. "ಅದೂ ಎರಡು ಹೋಳೇ ಅಲ್ವಾ ಭಟ್ರೇ, ನಮ್ಮಲ್ಲಿ ಇಲ್ಲ." ಬಟ್ಟಲು ದೂರ ಹೋಯಿತು. ಬರೀ ಜೀರಿಗೆ, ಹಸಿಮೆಣಸಿನಕಾಯಿ ಬದಲು ಕುಟ್ಟಿದ ಕಾಳುಮೆಣಸು, ಉಪ್ಪು, ಕಾಯಿತುರಿ. ಸಾಸಿವೆಯ ಯೋಚನೆ ನನಗೆ ಜನ್ಮದಲ್ಲಿ ಬರುತ್ತಿರಲಿಲ್ಲ. ಅವರಿಗೆ ಎಲ್ಲ ಗೊತ್ತಿತ್ತು, ಹೇಳಿರಲಿಲ್ಲ ಅಷ್ಟೇ. ಹನ್ನೆರಡು ನಿಮಿಷ ಹಿಡೀತು. ಅಷ್ಟೂ ಹೊತ್ತು ಹಾಲ್‌ನಲ್ಲಿ ಕಾಯ್ತಿದ್ದವರಿಗೆ ನಾನು ಹಪ್ಪಳ ಕರೀತಿದ್ದಾರೆ ಅಂತ ಹೇಳ್ತಾ ಓಡಾಡಿದೆ. ಹಪ್ಪಳ ಮೆನುವಿನಲ್ಲೇ ಇರಲಿಲ್ಲ.

ಅತ್ತೆ, ಅವರಕ್ಕ ಪಂಕ್ತಿಯ ತುದಿಯಲ್ಲಿ ಕೂತರು. ಪಲ್ಯ ಬಡಿಸಿದಾಗ ಅತ್ತೆ ತಲೆ ಎತ್ತಿ, "ಎಲ್ಲರಿಗೂ ಇದೇನಾ?" ಅಂತ ಕೇಳಿದರು. ಎಷ್ಟು ಆಸೆಯಿಂದ ಕೇಳಿದರು ಅಂದರೆ ನಾನು ಗೋಡೆ ಕಡೆ ತಿರುಗಿದೆ.

"ಹೂಂ ಅಮ್ಮ, ಎಲ್ಲರಿಗೂ ಬಾಳೆಕಾಯಿನೇ," ಅಂದರು ಸೊಸೆ.

ಅಜ್ಜಿ ತಮ್ಮ ಎಲೆ ನೋಡಿಕೊಂಡರು, ಪಕ್ಕದಲ್ಲಿ ಕೂತ ಮರಿಮಗನ ಎಲೆ ನೋಡಿದರು. "ನಮ್ಮದರಲ್ಲಿ ಕರಿ ಚುಕ್ಕೆ, ಇವನದರಲ್ಲಿ ಹಳದಿ ಚುಕ್ಕೆ," ಅಂದು ನನ್ನ ಕಡೆ ತಿರುಗಿ, "ಅಲ್ವೇನಪ್ಪಾ?" ಅಂದರು.

ಕಣ್ಣು ಮಂದವಂತೆ!

ಮರುದಿನ ಆಫೀಸಿನಲ್ಲಿ ಎಲ್ಲ ಹೇಳಿದೆ, ಆರಿಸಿದ್ದೊಂದು ಬಿಟ್ಟು. ರಿಮಾರ್ಕ್ಸ್ ಚೀಟಿಯಲ್ಲಿ ಬರೋ ಹಾಗೆ ಮಾಡಿ ಅಂದೆ. ಮುಂದಿನ ಅಪ್‌ಡೇಟ್ ಅಂದರು. ಅಪ್‌ಡೇಟ್ ಬಂತು, ಎಲೆ ಫೋಟೋಗೆ ಫಿಲ್ಟರ್ ಬಂದಿದೆ. ರಿಮಾರ್ಕ್ಸ್ ಇನ್ನೂ ಅಲ್ಲೇ ಇದೆ. ನಾನೀಗ ಭಟ್ಟರ ಚೀಟಿಯ ಹಿಂದೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಏನು ಹಾಕಬಾರದು ಅಂತ ಬರೆದು, ಅವರಿಂದಲೇ ಗಟ್ಟಿಯಾಗಿ ಓದಿಸ್ತೀನಿ. ತರಕಾರಿ ಯಾವುದು ಅಂತ ಇಪ್ಪತ್ತೈದು ನಿಮಿಷ ಚರ್ಚೆ ಮಾಡಿ ಒಗ್ಗರಣೆಗೆ ಏನು ಅಂತ ಕೇಳದವನು ನಾನು. ಈಗ ಗ್ರಾಹಕರಿಗೆ ಒಗ್ಗರಣೆಯಿಂದಲೇ ಪ್ರಶ್ನೆ ಶುರು ಮಾಡ್ತೀನಿ, ಕೆಲವರು ನಗ್ತಾರೆ. ಪಲ್ಯದ ಹೆಸರು ಹೇಳಿದರೆ ಭಟ್ಟರ ಕಿವಿಗಿಂತ ಮೊದಲು ಕೈಗೆ ಕೇಳಿಸುತ್ತೆ. ಆ ಕೈಗೆ ಮೂವತ್ತು ವರ್ಷದ ಅಭ್ಯಾಸ ಇದೆ, ಹಾಕಬೇಡ ಅಂತ ಬೇರೆಯೇ ಹೇಳಬೇಕು.

ಅವತ್ತು ಮಧ್ಯಾಹ್ನ ಪಾತ್ರೆಯೆಲ್ಲ ಟೆಂಪೋಗೆ ಏರಿಸಿ ಕೂತಾಗ ಮೂರೂವರೆ. ಮಕ್ಕಳು ಯಾರೂ ಬಾಳೆಕಾಯಿ ಮುಟ್ಟಿರಲಿಲ್ಲ, ಪಲ್ಯ ಅರ್ಧಕ್ಕರ್ಧ ಉಳಿದಿತ್ತು. ಭಟ್ಟರು ಅನ್ನಕ್ಕೆ ಅದನ್ನೇ ಕಲಸಿಕೊಂಡು ಊಟಕ್ಕೆ ಕೂತರು. ಒಂದು ತುತ್ತು ನುಂಗಿ, "ಒಗ್ಗರಣೆ ಹದ ನೋಡಿ ಮಾರಾಯ್ರೆ, ಒಂದು ಬೇಳೆ ಕಪ್ಪಾಗ್ಲಿಲ್ಲ," ಅಂದರು.

ಹೌದು ಅಂದೆ. ಹತ್ತೊಂಬತ್ತು ಇನ್ನೂ ನನ್ನ ಜೇಬಿನಲ್ಲೇ ಇದ್ದವು.